ಅರೆಕ್ಷಣ ತಡವಾದ ಬೀಗ

೧೪ ಜುಲೈ ೨೦೦೪, ಬುಧವಾರ

ತಪ್ಪು ಕೊನೆಗೂ ಸಿಕ್ಕಿತು, ನನ್ನದೇ. ಕಂಪ್ಯೂಟರಿಗೆ ಬೀಗ ಹಾಕಲು ನಾನು ಬರೆದ ಲಾಕ್ ಪ್ರೋಗ್ರಾಂ ಮೊದಲು ಪರದೆ ಮುಚ್ಚಿ, ಅರೆಕ್ಷಣ ತಡವಾಗಿ ಕೀಬೋರ್ಡನ್ನು ಹಿಡಿಯುತ್ತಿತ್ತು. ಬೇಗ ಒತ್ತಿದವರ ಪಾಸ್‌ವರ್ಡು ಹಿಂದೆ ತೆರೆದಿದ್ದ ಕಡತದೊಳಗೆ ಬೀಳುತ್ತಿತ್ತು. ಲಕ್ಷ್ಮೀಪುರಂ ವಕೀಲರ ಟೈಪಿಸ್ಟ್ ಚಾಮುಂಡೇಶ್ವರಿಯವರದು ಬಲು ಚುರುಕು ಕೈ. ಅವರ ಪಾಸ್‌ವರ್ಡಿನ ಅರ್ಧ ಒಂದು ನೋಟೀಸಿನಲ್ಲಿ ಅಚ್ಚಾಗಿ ಹೋಗಿ, ಅವರು ವಕೀಲರಿಂದ ಎಲ್ಲರೆದುರು ಬೈಸಿಕೊಂಡರು. "ನೀವೇ ಏನೋ ಒತ್ತಿರ್ತೀರಿ" ಎಂದು ನಾನೂ ಅಂದಿದ್ದೆ.

ಇವತ್ತು ಮೊದಲು ಕೀಬೋರ್ಡ್, ಆಮೇಲೆ ಪರದೆ ಎಂದು ಬದಲಿಸಿದೆ. ನೂರು ಸಲ ಒತ್ತಿ ನೋಡಿದೆ, ಒಂದಕ್ಷರವೂ ಸೋರಲಿಲ್ಲ. ಸಂಜೆ ಅವರ ಆಫೀಸಿಗೆ ಹೋಗಿ ಹಾಕಿಕೊಟ್ಟು, ವಕೀಲರೆದುರೇ "ತಪ್ಪು ನಂದು ಮೇಡಂ" ಎಂದೆ.

"ಮೂರು ವಾರದಿಂದ ಅದನ್ನೇ ಬಡ್ಕೊಂಡೆ ಕಣ್ರೀ" ಎಂದರು, ಅಷ್ಟೇ. ಆಮೇಲೆ ಒಂದು ಅಕ್ಷರ ಒತ್ತಿ, ಪರದೆ ನೋಡಿ, ಹೆದರುತ್ತಲೇ ಇನ್ನೊಂದು ಒತ್ತಿದರು.

ಆ ಹೆದರಿಕೆಯನ್ನು ತೆಗೆಯುವುದು ನನಗೆ ಗೊತ್ತಿಲ್ಲ.