ಅಟ್ರಾಕ್ಟಾಳ ಒಪ್ಪಿಗೆ

ಸ್ಲೈಗೊ
ನವೆಂಬರ್ 9, 2019

ಪ್ರೀತಿಯ ಓರ್ಲಾ,

ನಿನ್ನ ಮೂರು ಪತ್ರಗಳಿಗೂ ಸೇರಿಸಿ ಈಗ ಒಂದೇ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಆದರೆ ಓದು. ಐವತ್ತೆರಡನೆಯ ವಯಸ್ಸಿನಲ್ಲಿ ಆಸ್ತಿ ಮಾರಾಟದ ಕಾನೂನು ಕಲಿಯಲು ಹೊರಟವಳಿಗೆ ಪುರುಸೊತ್ತು ಎಲ್ಲಿಯದು? ವಾರವಿಡೀ ವಕೀಲೆ ಟೂಹಿಯವರ ಕಚೇರಿ, ಶನಿವಾರ ತರಗತಿ. ಈ ದಾರಿಯ ಹಕ್ಕು ಯಾರದು, ಆ ಬಾವಿಯ ನೀರು ಯಾರದು ಎಂದು ಹಳೆಯ ಪತ್ರಗಳನ್ನು ತಡಕಿ ಕಣ್ಣು ಉರಿಯುತ್ತದೆ, ಸೊಂಟ ಹಿಡಿದುಕೊಂಡಿದೆ. ಮೊದಲ ಪರೀಕ್ಷೆ ಹೇಗೋ ಪಾಸಾಯಿತು. ಎರಡನೆಯದು ಜನವರಿಯಲ್ಲಿ.

ಈ ಸಲ ಒಂದು ಮನೆ ಮಾರಾಟವನ್ನು ಟೂಹಿ ಪೂರ್ತಿ ನನಗೇ ಒಪ್ಪಿಸಿದರು. ಮಾಲೀಕರು ಫಿಂಟನ್ ಗಿಲ್‌ಹೂಲಿ, ಎಪ್ಪತ್ತು ದಾಟಿದವರು. ಕಾಲು ನೋವಿನಿಂದ ಮೆಟ್ಟಿಲು ಹತ್ತಲಾಗದೆ ಪೇಟೆಯ ಚಿಕ್ಕ ಮನೆಗೆ ಬರಬೇಕಿತ್ತು. ಕೊಳ್ಳುವವರೂ ಸಿಕ್ಕಿದ್ದರು. ಅರ್ಜಿ ತುಂಬುವಾಗ, ಮದುವೆಯಾಗಿದೆಯೇ ಎಂದು ಕೇಳಿದೆ.

"ಇಪ್ಪತ್ತೇಳು ವರ್ಷದ ಹಿಂದೆ ಅವಳು ಬಲಿನಾಕ್ಕೆ ಹೋದ್ಲು, ತಿರುಗಿ ಬರ್ಲಿಲ್ಲ. ಅದನ್ನ ಮದುವೆ ಅಂತೀರಾ?" ಎಂದರು.

ಕಾನೂನು ಅದನ್ನೂ ಮದುವೆ ಎಂದೇ ಅನ್ನುತ್ತದೆ. ವಿಚ್ಛೇದನವಾಗಿರಲಿಲ್ಲ. ಗಂಡಹೆಂಡತಿ ಬಾಳಿದ ಮನೆಯನ್ನು, ಒಬ್ಬರು ಬಿಟ್ಟುಹೋಗಿದ್ದರೂ, ಅವರ ಲಿಖಿತ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಮಾರುವಂತಿಲ್ಲ. ಮಾರಿದರೂ ಅದು ಊರ್ಜಿತವಲ್ಲ. ಇದನ್ನು ಹೇಳಿದಾಗ ಫಿಂಟನ್ ಆಕೆಯ ವಿಳಾಸ ಬರೆದುಕೊಟ್ಟು, ಟೋಪಿ ಹಾಕಿಕೊಂಡು ಎದ್ದರು.

ಬಸ್ಸು ಹಿಡಿದು ನಾನೇ ಬಲಿನಾಕ್ಕೆ ಹೋದೆ. ಅವರ ಹೆಂಡತಿ ಅಟ್ರಾಕ್ಟಾ ಕಿಟಕಿ ಪರದೆ ಹೊಲಿದು ಬದುಕಿದವರು. ಚಹಾ ಕೊಟ್ಟು, ಒಪ್ಪಿಗೆ ಪತ್ರವನ್ನು ಎರಡು ಸಲ ಓದಿದರು. ಒತ್ತಾಯವಿಲ್ಲ, ನಿಮ್ಮದೇ ವಕೀಲರನ್ನು ಕೇಳಿ ನೋಡಿ ಎಂದೆ. ಸಹಿ ಮಾಡದಿದ್ದರೆ ಏನಾಗುತ್ತದೆ ಎಂದರು. ಮಾರಲಾಗುವುದಿಲ್ಲ ಎಂದೆ.

"ಆ ಮನೇಲಿ ಹನ್ನೆರಡು ವರ್ಷ ಇದ್ದೆ. ಗೋಡೆಗೆ ಯಾವ ಬಣ್ಣ ಬಳಿಯೋಣ ಅಂತಾನೂ ನನ್ನ ಕೇಳ್ದವನಲ್ಲ. ಈಗ ಕೇಳ್ಲೇಬೇಕಲ್ಲ, ಅವನೇ ಬಂದು ಕೇಳ್ಲಿ," ಎಂದು ಕಾಗದವನ್ನು ನನ್ನತ್ತ ಸರಿಸಿದರು.

ಫಿಂಟನ್ ಎರಡು ವಾರ ಹಟ ಹಿಡಿದರು. ಕೊಳ್ಳುವವರು ಬೇರೆ ಮನೆ ನೋಡತೊಡಗಿದರು. ಕೋರ್ಟಿಗೆ ಹೋದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕಾಯುವುದೇ ವಾಸಿ ಎಂದರು ಟೂಹಿ. ಕಡೆಗೊಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಕೋಟು ತೊಟ್ಟು ಕಚೇರಿಗೆ ಬಂದವರು, ನನ್ನ ತೋಳು ಹಿಡಿದು ಬಸ್ಸು ಹತ್ತಿದರು.

ಅಲ್ಲಿ ಅರ್ಧ ಗಂಟೆ ಇಬ್ಬರೂ ಊರಿನಲ್ಲಿ ಯಾರು ಯಾರು ತೀರಿಕೊಂಡರು ಎಂಬುದನ್ನೇ ಮಾತಾಡಿದರು. ಎದ್ದು ಹೊರಗೆ ಹೋಗಿಬಿಡಲೇ ಅನಿಸಿತು ನನಗೆ. ಆಮೇಲೆ ಫಿಂಟನ್ ಚಹಾದ ಬಟ್ಟಲು ಕೆಳಗಿಟ್ಟರು.

"ಅಟ್ರಾಕ್ಟಾ, ಮನೆ ಮಾರೋಣ ಅಂತಿದೀನಿ. ನಿನಗೆ ಒಪ್ಪಿಗೇನಾ?"

"ಒಪ್ಪಿಗೆ. ಇಷ್ಟು ಕೇಳೋಕೆ ಎಷ್ಟು ವರ್ಷ ತಗೊಂಡೆ, ಫಿಂಟನ್."

ಮಾರನೆಯ ದಿನ ಆಕೆ ತಮ್ಮ ವಕೀಲರ ಎದುರು ಸಹಿ ಹಾಕಿದರು.  ಒಪ್ಪಿಗೆ ಕೇಳಿದ ದಿನ ಬಸ್ಸಿನಲ್ಲಿ ಹಿಂದಿರುಗಿ ಸ್ಲೈಗೊದಲ್ಲಿ ಇಳಿಯುವಾಗ ಫಿಂಟನ್, ಅವಳು ಮನೆ ಬಿಟ್ಟು ಹೊರಟ ದಿನ ಇರು ಎಂದು ಕೇಳಬಹುದಿತ್ತು, ಒಲ್ಲೆ ಅಂದಾಳೆಂದು ಹೆದರಿ ಕೇಳಲಿಲ್ಲ ಎಂದರು. ಹೋದ ಶುಕ್ರವಾರ ಬೀಗದಕೈ ಹೊಸಬರಿಗೆ ಹೋಯಿತು. ಚೆನ್ನಾಗಿ ಮುಗಿಸಿದೆ ಎಂದು ಟೂಹಿ ಹೊಗಳಿದರು. ನನಗೆ ನಿದ್ದೆ ಬಂದರೆ ಸಾಕಾಗಿತ್ತು.

ಮಗು ಒದೆಯುತ್ತಿದೆ ಎಂದು ಬರೆದಿದ್ದೀಯ. ಓದಿ ಒಬ್ಬಳೇ ನಕ್ಕೆ. ಭಾರ ಎತ್ತಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ತಾಯಿ ಮಗು ಇಬ್ಬರೂ ಸುಖವಾಗಿರಿ, ನಿಮ್ಮ ಮನೆ ತುಂಬಿರಲಿ.

ನಿನ್ನ ಅಮ್ಮ,
ಬ್ರೋನಾ

ಇನ್ನೊಂದು ಮಾತು: ನಮ್ಮ ಮನೆಯನ್ನು ನಿನ್ನ ಅಪ್ಪ ನನಗೆ ತಿಳಿಸದೆ ಮಾರಿದರು ಎಂದು ನಿನಗೆ ಹೇಳುತ್ತ ಬಂದಿದ್ದೇನೆ. ಅದು ಸುಳ್ಳು, ಓರ್ಲಾ. ನನ್ನ ಸಹಿಯಿಲ್ಲದೆ ಅವರು ಮಾರುವಂತೆಯೇ ಇರಲಿಲ್ಲ. ಮಾರೋಣ ಎಂದು ಮೊದಲು ಹೇಳಿದವಳೂ ನಾನೇ. ಆ ಮನೆಯೂ ಅವರ ಜೊತೆಯೂ ನನಗೆ ಸಾಕುಸಾಕಾಗಿತ್ತು. ಹದಿನಾಲ್ಕು ವರ್ಷದ ನೀನು ನಿನ್ನ ಕೋಣೆಯ ಬಾಗಿಲು ಹಿಡಿದು ಅಳುತ್ತ, ಯಾರು ಮಾರಿದ್ದು ಎಂದು ಕೇಳಿದೆ. ಅಪ್ಪ ಎಂದುಬಿಟ್ಟೆ. ಅವರು ಅಲ್ಲೇ ನಿಂತಿದ್ದರು, ಅಲ್ಲ ಎನ್ನಲಿಲ್ಲ. ನಿನ್ನ ಮದುವೆಗೆ ನೀನು ಅವರನ್ನು ಕರೆಯದಿದ್ದಾಗಲೂ ನಾನು ಬಾಯಿ ಬಿಡಲಿಲ್ಲ.