ಆರನೇ ವಾರದ ಪೊಟ್ಟಣ

ಗುರುವಾರ, ಮಾರ್ಚ್ 14
ಔಷಧಿ ಅಂಗಡಿಯ ಹಿಂದಿನ ಕೋಣೆ, ಊಟದ ಬಿಡುವು

ಮುದ್ದಿನ ಗುಂಡನಿಗೆ,

ನಲವತ್ತಾರು ತುಂಬಿದ ಗಡಿಯಾರ ರಿಪೇರಿಯವನನ್ನು ಹೀಗೆ ಕರೆಯಬಾರದು, ಗೊತ್ತು. ಐದು ದಿನದಿಂದ ಅಕ್ಕನ ಫೋನ್ ಎತ್ತದವನನ್ನು ಇನ್ನೇನೆಂದು ಕರೆಯಲಿ?

ಕಳೆದ ವಾರದ ಬುಧವಾರ ತಡೆಯಲಾಗದೆ ಹೊರಗಿನಿಂದ ಒಂದು ಚಿಟಿಕೆ ಗಾಂಜಾ ತಂದು ಸೇದಿದೆ ಎಂದು ಶನಿವಾರ ನೀನಾಗಿಯೇ ಬಂದು ಹೇಳಿದೆ. ಬಚ್ಚಿಡಬಹುದಿತ್ತು, ಇಡಲಿಲ್ಲ. ನಾನೋ, "ಇಪ್ಪತ್ತೆರಡು ವರ್ಷ ಸೇದಿದೋನಿಗೆ ಆರು ವಾರ ತಡ್ಕೊಳ್ಳೋಕಾಗಲ್ವೇನೋ?" ಎಂದುಬಿಟ್ಟೆ. ನೀನು ವಾರದ ಪೊಟ್ಟಣಗಳ ಖಾಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಬಿಡಕ್ಕ, ನನ್ನ ಸ್ಪ್ರಿಂಗೇ ಮುರಿದಿದೆ, ಇದು ರಿಪೇರಿ ಆಗೋ ಮಾಲಲ್ಲ" ಎಂದು ಹೊರಟುಹೋದೆ.

ಸ್ಪ್ರಿಂಗ್ ಮುರಿದಿಲ್ಲ ಕಣೋ. ಕೀಲಿ ಕೊಟ್ಟವಳು ನಾನು, ತಪ್ಪಾಗಿ ಕೊಟ್ಟೆ.

ನಮ್ಮ ಒಪ್ಪಂದ ನೆನಪಿದೆಯಲ್ಲ. ನೀನು ದಿನಕ್ಕೆ ಎರಡು ಗ್ರಾಂ ಸೇದುತ್ತಿದ್ದೆ. ಇದ್ದದ್ದನ್ನೆಲ್ಲ ನನ್ನ ಕೈಗೆ ಕೊಟ್ಟೆ. ಪ್ರತಿ ಶನಿವಾರ ನಾನು ತೂಗಿ, ಏಳು ಪೊಟ್ಟಣ ಕಟ್ಟಿ ಕೊಡುವುದು, ವಾರಕ್ಕೆ 0.1 ಗ್ರಾಂ ಮಾತ್ರ ಇಳಿಸುವುದು. ಆ ಲೆಕ್ಕದಲ್ಲಿ ಆರನೇ ವಾರದ ಪೊಟ್ಟಣದಲ್ಲಿ 1.4 ಇರಬೇಕಿತ್ತು. ಇದ್ದದ್ದು 0.8. ಮೊದಲ ವಾರದಿಂದಲೂ ನಾನು ಎರಡರಷ್ಟು ಇಳಿಸುತ್ತಾ ಬಂದೆ. ಸೊಪ್ಪನ್ನು ಉಗುರಿನಲ್ಲಿ ಬಿಡಿಸಿ ಉಬ್ಬಿಸಿದರೆ ಕಡಿಮೆಯೂ ಹೆಚ್ಚಾಗಿ ಕಾಣುತ್ತದೆ. ಇಪ್ಪತ್ತೊಂಬತ್ತು ವರ್ಷ ಔಷಧಿ ತೂಗಿದ ಕೈ ಇದು. ಯಾರಿಗೂ ಒಂದು ಗುಲಗಂಜಿ ತೂಕ ತಪ್ಪಿಸಿರಲಿಲ್ಲ. ನಿನಗೆ ತಪ್ಪಿಸಿತು.

ಬೆವರಿಗೆ ಹಾಸಿಗೆ ಒದ್ದೆಯಾಗುತ್ತದೆ, ಊಟ ಸೇರುವುದಿಲ್ಲ, ಕೆಟ್ಟ ಕನಸು ಬೀಳುತ್ತದೆ, ಗೋಡೆ ಗಡಿಯಾರ ತಂದ ಮುದುಕಿಯ ಮೇಲೆ ಸುಮ್ಮನೆ ರೇಗಿದೆ ಎಂದು ನೀನು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಾಗ ನೆಪ ಎಂದುಕೊಂಡೆ. ಬೇಗ ಇಳಿಸಿದರೆ ಹಾಗೆಲ್ಲ ಆಗುತ್ತದೆ ಎಂದು ಸಲಹಾ ಕೇಂದ್ರದ ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು. ತಲೆಯಾಡಿಸಿದವಳು ನಾನೇ.

ಯಾಕೆ ಮಾಡಿದೆ ಎಂದರೆ, ನಿನ್ನ ಭಾವನ ಮೀಸೆಗಾಗಿ. "ಮೂರು ತಿಂಗಳಲ್ಲಿ ನಿನ್ನ ತಮ್ಮ ಬಿಟ್ಟರೆ ಮೀಸೆ ಬೋಳಿಸ್ಕೋತೀನಿ" ಎಂದು ಅವರು ಅಡುಗೆಮನೆಯಲ್ಲಿ ನಿಂತು ಹೇಳಿದ್ದರು. ನಮ್ಮ ಒಪ್ಪಂದದಂತೆ ಇಪ್ಪತ್ತು ವಾರ ಬೇಕು. ಎರಡರಷ್ಟು ಇಳಿಸಿದರೆ ಹತ್ತೇ ವಾರ. ನನ್ನ ತಮ್ಮ ಎಂಥವನೆಂದು ತೋರಿಸುವ ಹಟದಲ್ಲಿ ನಿನ್ನನ್ನೇ ಮರೆತೆ.

ಡಾಕ್ಟರಮ್ಮನಿಗೆ ನಿನ್ನೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡು ಬೈಸಿಕೊಂಡೆ. ಒಂದು ದಿನ ಜಾರಿದ್ದು ಸೋಲಲ್ಲ, ಮುಂದೆ ಎಷ್ಟರಲ್ಲಿ ನಿಲ್ಲಬೇಕು ಎಂಬುದನ್ನು ಅವನೇ ಕೇಂದ್ರಕ್ಕೆ ಬಂದು ಮಾತಾಡಿ ತೀರ್ಮಾನಿಸಲಿ ಎಂದರು.

ಈ ಪತ್ರದ ಜೊತೆ ತಕ್ಕಡಿಯನ್ನೂ ಕಳಿಸುತ್ತಿದ್ದೇನೆ. ಅದು ನಿನ್ನ ಬಳಿಯೇ ಇರಲಿ. ಕೂದಲೆಳೆಯಂಥ ಮುಳ್ಳು ಕೂರಿಸುವವನು ನೀನು, ತೂಕ ಸರಿಯಿದೆಯೇ ಎಂದು ಮೊದಲು ಪರೀಕ್ಷಿಸು. ಶನಿವಾರ ಅದನ್ನು ಹೊತ್ತುಕೊಂಡು ಬಾ. ಹಾಕುವವಳು ನಾನು, ಓದಿ ಹೇಳುವವನು ನೀನು.

ಬೈಯುವುದಿದ್ದರೆ ಬಂದು ಬೈಯಿ.

ನಿನ್ನ,
ಕಳ್ಳ ತೂಕದ ಅಕ್ಕ

ಮರೆತಿದ್ದೆ: ನಿನ್ನೆ ರಾತ್ರಿ ಈ ಲೆಕ್ಕವನ್ನೆಲ್ಲ ನಿನ್ನ ಭಾವನಿಗೆ ಹೇಳಿದ ಮೇಲೆ ಅವರು ಎದ್ದು ಬಚ್ಚಲಿಗೆ ಹೋದರು, ಬರುವಾಗ ಮೀಸೆ ಇರಲಿಲ್ಲ. ಅವನಿನ್ನೂ ಬಿಟ್ಟಿಲ್ಲವಲ್ಲ ಎಂದೆ. "ಹೇಳದೆ ಕೇಳದೆ ಇಷ್ಟು ಇಳಿಸಿದ್ರೂ ಒಂದೇ ದಿನ ಜಾರಿದಾನೆ, ನಂಗಷ್ಟು ಸಾಕು. ಇನ್ನು ಆತುರ ಮಾಡೋಕೆ ನಿಂಗೆ ನೆಪ ಇರಬಾರ್ದು" ಎಂದರು. ತಕ್ಕಡಿ ಹಿಡಿದು ಈಗ ನಿನ್ನೆದುರು ನಿಂತಿರುವವರು ಅವರೇ. ನಗಬೇಡ. ನಗುವುದನ್ನು ಶನಿವಾರಕ್ಕೆ ಇಟ್ಟುಕೋ, ನಮ್ಮ ಮನೆಯಲ್ಲೇ ನಗುವಿಯಂತೆ.