ತಲೆಬರಹದಲ್ಲಿ ಜಾಗ ಸಿಗದ ಇಲಿಗಳು

ಮಂಗಳವಾರ, ಮಾರ್ಚ್ ೧೧

‘ಇಲಿಗಳಲ್ಲಿ’ ಎಂಬ ಒಂದು ಪದಕ್ಕಾಗಿ ನಾನು ಜಗಳವಾಡಬೇಕಿತ್ತು.

ವಿಜ್ಞಾನಿಗಳು ಹೇಳಿದ್ದನ್ನು ಪತ್ರಿಕೆಗೆ ಸರಳವಾಗಿ ಬರೆಯುವುದು ನನ್ನ ಕೆಲಸ. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು ಔಷಧಿಯನ್ನು ಹೊತ್ತು ನೇರವಾಗಿ ಕ್ಯಾನ್ಸರ್ ಗಡ್ಡೆಗೇ ಹೋಗುತ್ತವೆ, ಇಲಿಗಳಲ್ಲಿ ಗಡ್ಡೆ ಕರಗಿದೆ ಎಂದು ನಿನ್ನೆ ಬರೆದಿದ್ದೆ. ಸಂಪಾದಕರು ತಲೆಬರಹದಿಂದಲೂ ಮೊದಲ ಸಾಲುಗಳಿಂದಲೂ ಇಲಿಗಳನ್ನು ಹೊಡೆದುಹಾಕಿದರು. "ಇಲಿ ಅಂದ್ರೆ ಯಾರಮ್ಮಾ ಓದ್ತಾರೆ? ಕೊನೇಲಿ ಎಲ್ಲಾದ್ರೂ ಸೇರಿಸು." ಸೇರಿಸಿದೆ. ಪುಟ ಕಟ್ಟುವವರು ಜಾಹೀರಾತಿಗೆ ಜಾಗ ಸಾಲದೆ ಕೊನೆಯ ಪ್ಯಾರಾವನ್ನೇ ಕತ್ತರಿಸಿದರು. ನಾನು ಪಕ್ಕದಲ್ಲೇ ನಿಂತು ನೋಡಿದೆ.

ಇಂದು ಸಂಜೆ ಮನೆಗೆ ಬಂದರೆ ಚಿಕ್ಕಮ್ಮ ಆ ಸುದ್ದಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ಕೂದಲು ಉದುರಿದ ಮೇಲೆ ಅವರು ಮನಸಾರೆ ನಕ್ಕದ್ದು ಇವತ್ತೇ.

"ನಮ್ಮನೆ ಹುಡುಗೀನೇ ಬರ್ದಿರೋದು ಅಂತ ಪಕ್ಕದ ಮನೆಯವ್ರಿಗೆಲ್ಲ ತೋರಿಸ್ದೆ ಕಣೆ. ಈ ಹಾಳು ಕೀಮೋ ಇನ್ನು ಸಾಕು. ಚಿನ್ನದ್ದು ಬರೋವರ್ಗೂ ಕಾಯ್ತೀನಿ. ನಾಳೆ ಆಸ್ಪತ್ರೆಗೆ ಟ್ಯಾಕ್ಸಿ ಬೇಡ ಅಂತ ಫೋನ್ ಮಾಡ್ಬಿಡು."

"ಚಿಕ್ಕಮ್ಮಾ, ಅದು ಇನ್ನೂ..."

"ದುಬಾರಿ ಅಂತೀಯಾ? ನನ್ನ ಬಳೆ ಇದ್ಯಲ್ಲ, ಕರಗಿಸ್ಕೊಳ್ಲಿ ಬಿಡು!"

ನಗುತ್ತಲೇ ಅವರು ತಮ್ಮ ಕೋಣೆಗೆ ಹೋದರು.

ಟ್ಯಾಕ್ಸಿಯವನಿಗೆ ಬೇಡವೆಂದು ಹೇಳಿಲ್ಲ. ಚಿಕ್ಕಮ್ಮನಿಗೆ ನಿಜ ಹೇಳಿಲ್ಲ. ಬೆಳಿಗ್ಗೆ ಎಂಟಕ್ಕೆ ಅವನು ಬಾಗಿಲಲ್ಲಿ ಹಾರನ್ ಹೊಡೆಯುತ್ತಾನೆ. ಅಷ್ಟರೊಳಗೆ ನಾನು ಇಲಿಗಳ ಮಾತೆತ್ತಲೇಬೇಕು. ಪಕ್ಕದ ಕೋಣೆಯಲ್ಲಿ ಅವರು ಏನೋ ಗುನುಗಿಕೊಳ್ಳುತ್ತಿದ್ದಾರೆ. ಗುನುಗಿ ಎಷ್ಟು ತಿಂಗಳಾಗಿತ್ತು. ಹೇಗೆ ಶುರುಮಾಡಲಿ? ‘ಚಿಕ್ಕಮ್ಮಾ, ನಾನು ಬರೆದದ್ದರಲ್ಲಿ ಒಂದು ಪದ...’